ಒರೆಸೋರು ಯಾರು?

ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ಜಲಜಾ ಆಂಟಿ ಕೇಳುವುದು ಒಂದೇ ಪ್ರಶ್ನೆ. ಉಳಿದವರೆಲ್ಲ ಕತ್ತೆತ್ತಿ, ಎರಡಂತಸ್ತಿನ ಎತ್ತರಕ್ಕೆ ತೆರೆದುಕೊಂಡ ಹಜಾರವನ್ನೂ ಅಲ್ಲಿಂದ ಇಳಿಬಿದ್ದ ಗಾಜಿನ ದೀಪದ ಗೊಂಚಲನ್ನೂ ಹೊಗಳುತ್ತಿರುವಾಗ, ಅಡುಗೆಮನೆಯ ಹಿಂದೆ ಇನ್ನೊಂದು ಅಡುಗೆಮನೆ ಇದೆಯೆಂದು ಯಜಮಾನ ಬಾಗಿಲು ತೆರೆದು ತೋರಿಸುತ್ತಿರುವಾಗ, ಆಕೆ ಮೆಟ್ಟಿಲಿನ ಪಕ್ಕದ ಗಾಜಿನ ಮೇಲೆ ಒಂದು ಬೆರಳು ಆಡಿಸಿ, ಆ ಬೆರಳನ್ನೇ ನೋಡಿಕೊಳ್ಳುತ್ತ, ಯಾವ ವ್ಯಂಗ್ಯವೂ ಇಲ್ಲದ ದನಿಯಲ್ಲಿ ಕೇಳುತ್ತಾರೆ: "ಚೆನ್ನಾಗಿದೆ ಕಣಪ್ಪ. ಒರೆಸೋರು ಯಾರು?"

ಸಿಡ್ನಿಯ ಅಂಚಿನ ರೌಸ್ ಹಿಲ್‌ನ ನಮ್ಮ ಮನೆಯಲ್ಲೂ ಕೇಳಿದ್ದರು. ನನ್ನ ಗಂಡ ನಗುತ್ತ, ಅದಕ್ಕೊಂದು ರೋಬೋ ತಂದಿದ್ದೀವಿ ಆಂಟಿ ಎಂದ. "ಆ ರೋಬೋನ ಒರೆಸೋರು ಯಾರು?" ಎಂದರು. ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಅವರ ನಡಿಗೆಯನ್ನು ಬೀದಿಯ ಆ ತುದಿಯಿಂದಲೇ ಗುರುತು ಹಿಡಿಯಬಹುದು. ತುಂಬಿದ ಬಕೆಟ್ಟೊಂದನ್ನು ಹಿಡಿದಿದ್ದಾರೇನೋ ಎಂಬಂತೆ ಬಲಹೆಗಲು ತುಸು ಇಳಿದಿರುತ್ತದೆ. ಬರಿಗೈಯಲ್ಲಿ ದೇವಸ್ಥಾನಕ್ಕೆ ಹೊರಟಾಗಲೂ ಆ ಕಾಣದ ಬಕೆಟ್ಟಿನ ನೀರು ತುಳುಕದ ಹಾಗೆ, ಆದರೆ ಬಿರುಸಾಗಿ, ನಡೆಯುತ್ತಾರೆ. ಸೀರೆಯ ಮೇಲೆ ಬೇಸಿಗೆ ಚಳಿಗಾಲ ಎನ್ನದೆ ಗಂಡನ ಹಳೆಯ ಕಡುನೀಲಿ ಕೋಟು, ಕೋಟಿನ ಎರಡೂ ಜೇಬಿನಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಟ್ರೇನಿನ ಕಾರ್ಡಿಗಾಗಿ ಕೈ ಹಾಕಿದರೂ ಮೊದಲು ಬರುವುದು ಕ್ಲಿಪ್ಪೇ. ಆಕೆ ಕೂತದ್ದನ್ನು ಕಂಡವರು ಕಡಿಮೆ. ಊಟವನ್ನೂ ಸಿಂಕಿಗೆ ಒರಗಿ ನಿಂತುಕೊಂಡೇ ಮುಗಿಸುತ್ತಾರೆ. ಕೂತರೆ ಮತ್ತೆ ಏಳಬೇಕಲ್ಲ ಎನ್ನುವುದು ಅವರು ಕೊಡುವ ಕಾರಣ.

ಅವರ ಮನೆ ಸಿಡ್ನಿಯ ಕನ್ನಡಿಗರಿಗೆಲ್ಲ ಗೊತ್ತು. ಪ್ಯಾರಮಟ್ಟಾ ಪೇಟೆಯಿಂದ ಟ್ರೇನಿನಲ್ಲಿ ಸ್ವಲ್ಪವೇ ದೂರದ, ಹಳೆಯ ಮರಗಳ ಬಡಾವಣೆ, ಇಲ್ಲಿಯವರ ಮಾತಿನಲ್ಲಿ ಸಬರ್ಬ್. ಸ್ಟೇಷನ್ನಿಗೆ ನಡೆದುಹೋಗುವಷ್ಟು ಹತ್ತಿರ. ಅವರ ಪತಿ ಡಾಕ್ಟರ್ ತ್ರಿವಿಕ್ರಮ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಮಂಪರು ಕೊಡುವ ವೈದ್ಯರಾಗಿ ಹೆಸರು ಮಾಡಿ ನಿವೃತ್ತರಾದವರು. ಮೂರು ಕೋಣೆಯ ಇಟ್ಟಿಗೆಯ ಮನೆಯನ್ನು ಕೊಂಡು, ಹಿಂದಕ್ಕೂ ಪಕ್ಕಕ್ಕೂ ಮೇಲಕ್ಕೂ ಬೆಳೆಸುತ್ತ ಬೆಳೆಸುತ್ತ ಐದು ಮಲಗುವ ಕೋಣೆ, ನಾಲ್ಕು ಬಚ್ಚಲು, ನಲವತ್ತು ಜನ ಕೂತು ಉಣ್ಣುವ ಹಜಾರದಂಥ ಹಾಲು ಮಾಡಿದರು. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಹೊಸದಾಗಿ ಬಂದಿಳಿದವರಿಗೆ ಅದೇ ಮೊದಲ ತಂಗುದಾಣ. ನಾನೂ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಇದ್ದು, ರೆಂಟಿಗೆ ಮನೆ ಸಿಕ್ಕ ಮೇಲೆ ಹೊರಟವಳು. ರಾಜ್ಯೋತ್ಸವದ ನಾಟಕದ ತಾಲೀಮು, ಸತ್ಯನಾರಾಯಣ ಪೂಜೆ, ಸೀಮಂತ, ಎಲ್ಲಕ್ಕೂ ಆ ಹಾಲೇ. ಹೊರಡುವಾಗ ಎಲ್ಲರೂ ಡಾಕ್ಟರ ಕೈ ಕುಲುಕಿ, ಇಂಥ ಮನೆ ಇನ್ನೊಂದಿಲ್ಲ ಸಾರ್ ಎನ್ನುತ್ತಿದ್ದರು. ಡಾಕ್ಟರು, ಈ ಮನೆ ಅಂದ್ರೆ ಜಲಜಾಗೆ ಪ್ರಾಣ ಎನ್ನುತ್ತಿದ್ದರು. ಜಲಜಾ ಆಗ ಹಾಲಿನ ಆ ಮೂಲೆಯಲ್ಲಿ ಬಗ್ಗಿ, ಕಾರ್ಪೆಟ್ಟಿಗೆ ಚೆಲ್ಲಿದ ಸಾರಿನ ಕಲೆಗೆ ಅಡಿಗೆ ಸೋಡಾ ಉದುರಿಸುತ್ತಿರುತ್ತಿದ್ದರು.

ಹೋದ ವರ್ಷ ಒಂದು ದಿನ, ನೈಟಿ ಕೊಳ್ಳಬೇಕು ಬಾರೇ ಎಂದು ನನ್ನನ್ನು ಪ್ಯಾರಮಟ್ಟಾಕ್ಕೆ ಕರೆದೊಯ್ದರು. ನೈಟಿಯ ಅಂಗಡಿ ದಾಟಿ, ಇನ್ನೂ ಕಟ್ಟುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಮಾದರಿ ಫ್ಲ್ಯಾಟಿಗೆ ಸೀದಾ ನುಗ್ಗಿದರು. ಮಾರಾಟದ ಹುಡುಗಿ ಈಜುಕೊಳದ ಚಿತ್ರ ತೋರಿಸಲು ಬಂದರೆ ಅದನ್ನು ಕಣ್ಣೆತ್ತಿ ನೋಡದೆ ಅಡುಗೆಮನೆಯ ನಡುವೆ ನಿಂತರು. ಕೈ ಚಾಚಿದರೆ ಒಲೆ, ತಿರುಗಿದರೆ ನಲ್ಲಿ, ಇನ್ನಷ್ಟು ತಿರುಗಿದರೆ ಫ್ರಿಜ್ಜು. ಒಂದೇ ಜಾಗದಲ್ಲಿ ಗಿರಕಿ ಹೊಡೆದರು, ಕೋಟಿನಿಂದ ಒಂದು ಕ್ಲಿಪ್ಪು ಜಾರಿಬಿತ್ತು. "ಎಲ್ಲಾ ಕೈಗೆ ಸಿಗುತ್ತೆ ಕಣೇ," ಎಂದರು. ಅವರ ಕಣ್ಣಲ್ಲಿ ಅಂಥ ಬೆಳಕನ್ನು ನಾನು ಅವರ ಮಗಳ ಮದುವೆಯಲ್ಲೂ ಕಂಡಿರಲಿಲ್ಲ.

ಹಿಂತಿರುಗುವಾಗ ಟ್ರೇನಿನಲ್ಲಿ ಬಾಗಿಲ ಬಳಿಯ ಕಂಬ ಹಿಡಿದು ನಿಂತೇ ವಿಷಯ ಹೇಳಿದರು. ಅವರಿಗೆ ಎರಡು ಕೋಣೆಯ ಒಂದು ಫ್ಲ್ಯಾಟು ಬೇಕು. ಹತ್ತು ವರ್ಷದಿಂದ ಬೇಕು. ಕೇಳಿದಾಗಲೆಲ್ಲ ಡಾಕ್ಟರು ಸಿಟ್ಟಾಗುತ್ತಿರಲಿಲ್ಲ, ಬದಲಿಗೆ ಬಹಳ ಮೃದುವಾಗಿ, ನಮ್ಮ ಸಬರ್ಬ್ ಬಿಟ್ಟು ಹೋಗೋಕಾಗುತ್ತಾ, ಇಲ್ಲೇ ಫ್ಲ್ಯಾಟ್ ಬಂದರೆ ಖಂಡಿತ ಹೋಗೋಣ ಎನ್ನುತ್ತಿದ್ದರು. ಆ ಸಬರ್ಬಿನಲ್ಲಿ ಎರಡಂತಸ್ತಿಗಿಂತ ಎತ್ತರ ಕಟ್ಟಲು ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ. ಅದು ಡಾಕ್ಟರಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಆ ಕಾನೂನೇ ಅಲುಗಾಡಿತು. ಊರಲ್ಲಿ ಜನಕ್ಕೆ ಮನೆ ಸಾಲದು, ಬಡಾವಣೆಗಳ ಆಡಳಿತ ನೋಡುವ ಪ್ರತಿ ಕೌನ್ಸಿಲ್ಲೂ ತನ್ನ ಪಾಲಿನಷ್ಟು ಹೊಸ ಮನೆಗೆ ಜಾಗ ಮಾಡಿಕೊಡಲೇಬೇಕು ಎಂದು ರಾಜ್ಯ ಸರ್ಕಾರ ತಾಕೀತು ಮಾಡಿತು. ಕೌನ್ಸಿಲ್ಲು ನಕ್ಷೆ ಬಿಡಿಸಿತು: ಸ್ಟೇಷನ್ನಿನ ಸುತ್ತಲ ಬೀದಿಗಳಲ್ಲಿ ಹಳೆಯ ಮನೆ ಕೆಡವಿ ಆರಂತಸ್ತಿನ ಫ್ಲ್ಯಾಟುಗಳನ್ನು ಕಟ್ಟಬಹುದು. ಅಂಥ ಬೀದಿಗಳಿಗೆ ನಕ್ಷೆಯಲ್ಲಿ ಹಚ್ಚಿದ ಗುಲಾಬಿ ಬಣ್ಣ ಆಂಟಿಯ ಬೀದಿಗೂ ಬಿತ್ತು.

ಬೀದಿಗೆ ಬೀದಿಯೇ ಕೆರಳಿತು. ನಮ್ಮವರ ಪಾಳೆಯಕ್ಕೆ ಮುಂದಾಳಾದವನು ನಾಲ್ಕು ಮನೆ ಆಚೆಯ ಕಿರಣಕುಮಾರ. ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸ, ಮಾತಿನಲ್ಲಿ ಚುರುಕು, ಯಾರಿಗೂ ಕೇಡು ಬಗೆಯದವನು. ವಿರೋಧದ ಸಭೆಗಳನ್ನು ಎಲ್ಲಿ ನಡೆಸುವುದು ಎಂಬ ಪ್ರಶ್ನೆಯೇ ಏಳಲಿಲ್ಲ. ಶನಿವಾರ ಶನಿವಾರ ಆಂಟಿಯ ಹಾಲಿನ ತುಂಬ ಜನ. ನೆರಳು ಬೀಳುತ್ತದೆ, ಪಾರ್ಕಿಂಗ್ ಸಿಗುವುದಿಲ್ಲ, ಮರಗಳು ಹೋಗುತ್ತವೆ ಎಂದು ಒಬ್ಬೊಬ್ಬರೂ ಲ್ಯಾಪ್‌ಟಾಪಿನಲ್ಲಿ ಆಕ್ಷೇಪಣೆ ಬರೆದರು, ಆಂಟಿ ಎಲ್ಲರಿಗೂ ಕಾಫಿ ಕೊಟ್ಟರು. ಇಂಥ ಮನೆ ಹೋದರೆ ನಮ್ಮ ಫಂಕ್ಷನ್ ಎಲ್ಲಿ ಮಾಡೋದು ಎಂದು ಒಬ್ಬರು ನಿಜವಾದ ದುಃಖದಿಂದಲೇ ಕೇಳಿದಾಗ ಆಂಟಿ ಅವರ ತಟ್ಟೆಗೆ ಇನ್ನೊಂದು ಸೌಟು ಅವಲಕ್ಕಿ ಹಾಕಿದರು. ತಮ್ಮ ಸೋಲಿಗೆ ತಾವೇ ಒಗ್ಗರಣೆ ಹಾಕುತ್ತಿದ್ದಾರಲ್ಲ ಎನಿಸಿತು ನನಗೆ. ಅಡುಗೆಮನೆಗೆ ಹೋಗಿ, ಏನಾದರೂ ಹೇಳಿ ಆಂಟಿ ಎಂದೆ. ಎಲ್ಲಿ ಹೇಳಲಿ, ಆ ಹಾಲಿಗೆ ನಾನು ಹೋಗೋದೇ ಲೋಟ ಎತ್ಕೊಂಡು ಬರೋಕೆ ಎಂದರು.

ಹೇಳುವ ಜಾಗ ಒದಗಿಸಿಕೊಟ್ಟವನು ಕಿರಣಕುಮಾರನೇ. ಮತಕ್ಕೆ ಹಾಕುವ ಮುನ್ನ ಕೌನ್ಸಿಲ್ಲಿನ ಸಭೆಯಲ್ಲಿ ನಿವಾಸಿಗಳು ಮಾತಾಡಬಹುದು, ಒಬ್ಬೊಬ್ಬರಿಗೆ ಮೂರು ನಿಮಿಷ. ಅವನು ವಿರೋಧಿಸುವವರ ಪಟ್ಟಿಯಲ್ಲಿ ಆಂಟಿಯ ಹೆಸರನ್ನು ಬುಕ್ ಮಾಡಿಯೇ ಬಂದಿದ್ದ.

"ಆಂಟಿ, ನೀವು ರೇಷ್ಮೆ ಸೀರೆ ಉಟ್ಕೊಂಡು ಬಂದ್ಬಿಡಿ. ಜಾಸ್ತಿ ಏನೂ ಬೇಡ. ಎಲ್ಲಾ ಬರೆದು ತಂದಿದ್ದೀನಿ, ನೋಡ್ಕೊಂಡು ಓದಿದ್ರೆ ಸಾಕು. ಕೌನ್ಸಿಲರ್‌ಗಳು ಹಂಗೇ ಮೆಲ್ಟ್ ಆಗೋಗ್ತಾರೆ."

ಡಾಕ್ಟರು, ನನಗಿಂತ ಇವಳು ಮಾತಾಡಿದರೇ ಸರಿ ಎಂದು ತಲೆದೂಗಿದರು. ಆಂಟಿ ಕಾಗದ ತೆಗೆದುಕೊಂಡು, ಇನ್ನೊಂದು ಕಾಫಿ ಬೇಕಾ ಎಂದರು. ಅವರು ಒಪ್ಪಿದರೋ ಇಲ್ಲವೋ ಎಂದು ಯಾರೂ ಗಮನಿಸಲಿಲ್ಲ, ನಾನೂ ತಿಳಿಯಲಾರದೆ ಹೋದೆ.

ಕೌನ್ಸಿಲ್ಲಿನ ಸಭಾಂಗಣ ಆ ಸಂಜೆ ಕಿಕ್ಕಿರಿದಿತ್ತು. ನಮ್ಮವರು, ಚೀನೀಯರು, ಬಿಳಿಯ ಮುದುಕರು, ಬಾಡಿಗೆ ಮನೆಯ ಹುಡುಗ ಹುಡುಗಿಯರು, ಎಲ್ಲ ಒಂದೇ ಬೆವರಿನಲ್ಲಿ. ಕೌನ್ಸಿಲರುಗಳು ಸರಿಸುಮಾರು ಅರ್ಧಕ್ಕರ್ಧ ಒಡೆದಿದ್ದಾರೆ, ಒಂದಿಬ್ಬರು ಎತ್ತಲೂ ವಾಲಬಹುದು ಎಂಬ ಸುದ್ದಿಯಿತ್ತು. ಆಂಟಿ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು, ಮೇಲೆ ಅದೇ ಕೋಟು. ಡಾಕ್ಟರ ಪಕ್ಕದ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತಿದ್ದರು. ಹಿಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲಿದ್ದ ಕಿರಣಕುಮಾರ ಮುಂದಕ್ಕೆ ಬಗ್ಗಿ, ಪೇಪರ್ ಎಲ್ಲಿ ಆಂಟಿ ಎಂದು ಪಿಸುಗುಟ್ಟಿದ. ಅದರ ಮೇಲೆ ಕೋಡುಬಳೆ ಹಾಕಿಟ್ಟಿದ್ದೀನಿ, ಮನೇಲಿದೆ, ಎಂದರು ಆಂಟಿ.

ಅವರಿಗೆ ಮುಂಚೆ ಮಾತಾಡಿದ ಹಿರಿಯರೊಬ್ಬರು ಆ ಬೀದಿಗಳ ಅಂದವನ್ನು ನಿಜಕ್ಕೂ ಸೊಗಸಾಗಿ ವರ್ಣಿಸಿದರು: ಅಗಲ ವರಾಂಡ, ದೊಡ್ಡ ಹುಲ್ಲುಹಾಸು, ಬಣ್ಣದ ಗಾಜಿನ ಕಿಟಕಿ, ತಲೆಮಾರುಗಳು ಬಾಳಿ ಬದುಕಲೆಂದು ಕಟ್ಟಿದ ಮನೆಗಳು. ಚಪ್ಪಾಳೆಯ ನಡುವೆ ಆಂಟಿಯ ಹೆಸರು ಕರೆದರು. ಆಕೆ ಎದ್ದು, ಹೆಗಲು ವಾಲಿಸಿ, ಆ ಬಕೆಟ್ಟನ್ನು ತುಳುಕಿಸದೆ ಮೈಕಿನವರೆಗೆ ನಡೆದರು.

ಅವರ ಇಂಗ್ಲಿಷು ಮೈಸೂರಿನಲ್ಲಿ ಹುಟ್ಟಿ, ಇಲ್ಲಿಯ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತ ಬೆಳೆದದ್ದು, ನಿಧಾನ, ಸ್ಪಷ್ಟ. ನನ್ನ ಹೆಸರು ತಪ್ಪು ಪಟ್ಟಿಯಲ್ಲಿದೆ, ನಾನು ಇದರ ಪರ, ಎಂದರು ಮೊದಲಿಗೆ. ಕಿರಣಕುಮಾರ ನನ್ನ ಕಡೆ ತಿರುಗಿದ. ನಾನು ತಿರುಗಲಿಲ್ಲ. ಈಗ ಮಾತಾಡಿದವರು ಹೇಳಿದ್ದೆಲ್ಲ ನಿಜ, ನನ್ನ ಮನೆಯೂ ಅಂಥದ್ದೇ, ಬಹಳ ಚೆನ್ನಾಗಿದೆ, ಎಂದರು. ಆಮೇಲೆ ಬಣ್ಣದ ಗಾಜನ್ನು ನೆನೆಸಿಕೊಂಡವರ ಹಾಗೆ ಒಂದು ಬೆರಳು ಮೇಲೆತ್ತಿ, ಅದನ್ನೇ ನೋಡುತ್ತ ಕೇಳಿದರು: "ಹೂ ಇಸ್ ವೈಪಿಂಗ್ ಇಟ್?"

ಸಭಾಂಗಣವೆಲ್ಲ ನಕ್ಕಿತು. ಆಂಟಿ ನಗು ಮುಗಿಯುವವರೆಗೆ ಕಾದರು, ಪಾತ್ರೆಯ ಉಕ್ಕು ಇಳಿಯಲೆಂದು ಕಾಯುವ ಹಾಗೆ. ಇದು ತಮಾಷೆಯಲ್ಲ, ಒರೆಸುವವಳು ನಾನು, ಎಂದರು. ನಿಮ್ಮ ವರದಿಯಲ್ಲಿ ನೆರಳಿನ ಲೆಕ್ಕವಿದೆ, ಕಾರಿನ ಲೆಕ್ಕವಿದೆ, ಮರದ ಲೆಕ್ಕವಿದೆ, ಒರೆಸುವ ಕೈಯ ಲೆಕ್ಕ ಎಲ್ಲೂ ಇಲ್ಲ. ನನ್ನ ಮಗಳು ನಿವೇದಿತಾ ಮೆಲ್ಬರ್ನ್‌ನಲ್ಲಿ ನರ್ಸು. ಆಸ್ಪತ್ರೆಯ ಹತ್ತಿರದ ಬೀದಿಗಳೆಲ್ಲ ಹೀಗೇ ದೊಡ್ಡ ಮನೆ, ಖಾಲಿ ಕೋಣೆ. ಅವಳಿಗೆ ಸಿಕ್ಕ ಗೃಹಸಾಲಕ್ಕೆ ಎಟುಕಿದ್ದು ದೂರದ ಕ್ರಾನ್‌ಬರ್ನ್‌ನ ಮನೆ. ಹೋಗುತ್ತ ಬರುತ್ತ ದಿನದ ಅರ್ಧ ರಸ್ತೆಯಲ್ಲಿ, ಉಳಿದರ್ಧ ಸಿಂಕಿನ ಮುಂದೆ. ಅಲ್ಲಿ ಅವಳಿಗೆ ಹತ್ತಿರದಲ್ಲೊಂದು ಕೋಣೆಯಿಲ್ಲ. ಇಲ್ಲಿ ನಾನು ಯಾರೂ ಮಲಗದ ಮೂರು ಕೋಣೆಯ ಧೂಳು ಹೊಡೆಯುತ್ತಿದ್ದೇನೆ. ನನಗೆ ಚಿಕ್ಕ ಮನೆ ಬೇಕು. ಇದೇ ಊರಲ್ಲಿ, ಇದೇ ಸ್ಟೇಷನ್ನಿನ ಪಕ್ಕ, ನನ್ನ ಗೆಳತಿಯರ ನಡುವೆ. ಇಷ್ಟೇ.

ನಿಮಗಿನ್ನೂ ಸಮಯವಿದೆ ಎಂದು ಅಧ್ಯಕ್ಷೆ ನೆನಪಿಸಿದರು. ಹಾಗಾದರೆ ಅಷ್ಟು ಹೊತ್ತು ಕೂತುಕೊಳ್ಳುತ್ತೇನೆ ಎಂದು ಆಂಟಿ ವಾಪಸು ಬಂದು ಕೂತರು. ಹಿಂದಿನ ಸಾಲುಗಳಿಂದ ಚಪ್ಪಾಳೆ ಶುರುವಾಯಿತು. ಯಾರೋ ಗ್ರೀಕ್ ಅಜ್ಜಿ ಎದ್ದೇ ನಿಂತು ತಟ್ಟಿದಳು; ಅವಳೂ ವಿರೋಧದ ಕಡೆಯವಳೇ, ಅವಳ ಮಗನ ಕೈಯಲ್ಲಿ ವಿರೋಧದ ಫಲಕವಿತ್ತು. ಕೌನ್ಸಿಲರುಗಳು ಒಬ್ಬೊಬ್ಬರಾಗಿ ಕೈ ಎತ್ತಿದರು, ನಾನು ಎಣಿಸಿದೆ. ಒಂದೇ ಒಂದು ಮತದಿಂದ ಆ ಬೀದಿ ಗುಲಾಬಿಯಾಗಿಯೇ ಉಳಿಯಿತು.

ಅವರಿಬ್ಬರನ್ನೂ ಮನೆಗೆ ಬಿಟ್ಟವಳು ನಾನು. ಕಾರಿನಲ್ಲಿ ಡಾಕ್ಟರು, ಸಿಟ್ಟಿಗಿಂತ ಹೆಚ್ಚಾಗಿ ನೊಂದ ದನಿಯಲ್ಲಿ, "ನನಗೆ ಮನೇಲೇ ಹೇಳಬಹುದಿತ್ತಲ್ಲ ಜಲಜಾ," ಎಂದರು.

"ಮನೇಲಿ ಮೂರು ನಿಮಿಷ ಯಾವತ್ತು ಕೊಟ್ಟಿದ್ರಿ ನೀವು?"

ಕಿಟಕಿಯಾಚೆ ಅದೇ ಬೀದಿ, ಅದೇ ಮರಗಳು. ಮನೆ ಬಂತು. ಇಳಿಯುವಾಗ ಆಂಟಿ ನನ್ನ ಕಿವಿಯ ಹತ್ತಿರ ಬಾಗಿ, ಸಂಜೆಯೆಲ್ಲಾ ಕೂತಿದ್ದೆ ಕಣೇ, ಒಬ್ಬರೂ ನೀರು ಕೇಳಲಿಲ್ಲ, ಎಂದರು. ಓಟದಲ್ಲಿ ಗೆದ್ದ ಶಾಲೆಯ ಹುಡುಗಿಯ ಹಾಗೆ ಅವರ ಮುಖ ಕೆಂಪಾಗಿತ್ತು.

ಮುಂದಿನ ಶನಿವಾರ ಮುಂದೇನು ಎಂದು ಚರ್ಚಿಸಲು ಮತ್ತೆ ಎಲ್ಲರೂ ಬಂದರು, ಮತ್ತೆ ಅದೇ ಹಾಲಿಗೆ. ಬರಬಾರದಾಗಿತ್ತು ಎಂದು ಯಾರಿಗೂ ಹೊಳೆಯಲಿಲ್ಲ, ಅಷ್ಟು ರೂಢಿ. ಬಂದು ನೋಡಿದರೆ ದೊಡ್ಡ ಮೇಜಿನ ತುದಿಯಲ್ಲಿ, ಡಾಕ್ಟರ ಕುರ್ಚಿಯಲ್ಲಿ, ಆಂಟಿ ಕೂತಿದ್ದಾರೆ. ಬನ್ನಿ ಬನ್ನಿ ಎಂದರು, ಏಳಲಿಲ್ಲ. ಮಾತು ಸ್ವಲ್ಪ ನಡೆಯಿತು, ಕುಂಟಿತು, ನಿಂತಿತು. ಒಬ್ಬೊಬ್ಬರ ಕಣ್ಣೂ ಅಡುಗೆಮನೆಯ ಬಾಗಿಲಿಗೆ ಹೋಗಿ ಬಂತು. "ಕಾಫಿ..." ಎಂದು ಕಿರಣಕುಮಾರ ಶುರುಮಾಡಿ, ತಾನೇ ನುಂಗಿಕೊಂಡ. ಆಂಟಿ ಶಾಂತವಾಗಿ ಕೋಟಿನ ಜೇಬಿನಿಂದ ಕ್ಲಿಪ್ಪುಗಳನ್ನು ತೆಗೆದು ಮೇಜಿನ ಮೇಲೆ ಒಂದರ ಪಕ್ಕ ಒಂದು ಸಾಲಾಗಿ ನಿಲ್ಲಿಸುತ್ತಿದ್ದರು, ಚಿಕ್ಕ ಚಿಕ್ಕ ಮನೆಗಳ ಬೀದಿಯ ಹಾಗೆ.

ಕೊನೆಗೆ ಎದ್ದವರು ಡಾಕ್ಟರು. ಒಳಗೆ ಕಪಾಟುಗಳ ಬಾಗಿಲು ಒಂದಾದ ಮೇಲೊಂದು ತೆರೆದು ಮುಚ್ಚುವ ಸದ್ದು ಬಹಳ ಹೊತ್ತು ಕೇಳಿಸಿತು. ಹೋಗಿ ಸಹಾಯ ಮಾಡಲೆಂದು ನಾನು ಎದ್ದೆ. ಆಂಟಿ ನನ್ನ ಕೈ ಹಿಡಿದು ಕೂರಿಸಿದರು. ಆಮೇಲೆ ಬಂದ ಕಾಫಿಯಲ್ಲಿ ಡಿಕಾಕ್ಷನ್ ಇತ್ತೆಂದು ನಂಬುವುದೇ ಕಷ್ಟವಿತ್ತು. ಎಲ್ಲರೂ ಕುಡಿದೆವು. ಟ್ರೇ ಕೆಳಗಿಟ್ಟು ಡಾಕ್ಟರು ಹಣೆ ಒರೆಸಿಕೊಂಡು, ಆ ಅಡುಗೆಮನೆಯಲ್ಲಿ ಈ ತುದಿಯಿಂದ ಆ ತುದಿಗೆ ಎಷ್ಟು ಓಡಾಟ ಮಾರಾಯರೇ ಎಂದರು. ಮೇಜಿನ ಮೇಲೆ ಚೆಲ್ಲಿದ ಕಾಫಿಯ ಕಡೆ ಅವರ ಕಣ್ಣು ಹೋಯಿತು. ಅಲ್ಲಿಂದ ಹೆಂಡತಿಯ ಕಡೆ ನೋಡಿದರು. ಆಂಟಿ ತಮ್ಮ ಪ್ರಶ್ನೆ ಕೇಳಬೇಕಾಗಲಿಲ್ಲ. ಡಾಕ್ಟರೇ ಒಳಗೆ ಹೋಗಿ ಬಟ್ಟೆ ತಂದರು. ಆಂಟಿ ಆ ವಾರ ಅವರಿಗೆ ಹೇಳಿದ್ದ ಪ್ಯಾರಮಟ್ಟಾದ ಮಾದರಿ ಫ್ಲ್ಯಾಟು, ಒಮ್ಮೆ ನೋಡಿಬರಲು, ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಅವರು ನನ್ನನ್ನು ಕೇಳಿದ್ದು, ಮೇಜು ಒರೆಸುತ್ತ.

ಊರುಗಳನ್ನು ಮೇಲಿನಿಂದ ನೋಡಿ ನಕ್ಷೆ ಬಿಡಿಸುವವರು ಇದ್ದಾರೆ, ರಸ್ತೆಯಲ್ಲಿ ನಿಂತು ಅಂದ ನೋಡುವವರು ಇದ್ದಾರೆ. ಇನ್ನೊಂದು ಬಗೆಯವರು ಊರನ್ನು ನೆಲದಿಂದ, ಬಗ್ಗಿದ ಬೆನ್ನಿನಿಂದ ನೋಡಿದವರು. ಮೂಲೆಗಳು ಅವರಿಗೆ ಗೊತ್ತು, ಮಂಚದ ಅಡಿ ಗೊತ್ತು, ವೈಭವ ಎಂದು ನಾವು ಕರೆಯುವುದರ ತೂಕ ಗೊತ್ತು. ಅವರು ಮೌನಿಗಳೆಂದು ನಾವು ತಿಳಿದಿರುತ್ತೇವೆ, ನಮ್ಮ ಸಭೆಗಳನ್ನು ಅವರ ಹಾಲಿನಲ್ಲೇ ನಡೆಸಿ, ಅವರ ಕಾಫಿ ಕುಡಿದು, ಅವರ ಪರವಾಗಿ ಬರೆದೂ ಕೊಡುತ್ತೇವೆ. ಅವರು ಮೌನಿಗಳಲ್ಲ, ಎಲ್ಲರ ಗೃಹಪ್ರವೇಶದಲ್ಲೂ ಒಂದೇ ಪ್ರಶ್ನೆಯನ್ನು ಬಿಡದೆ ಕೇಳುತ್ತಲೇ ಬಂದವರು. ಅದನ್ನು ನಾವು ತಮಾಷೆಯೆಂದು ನಕ್ಕು, ಲೋಟ ಮುಂದೆ ಚಾಚಿರುತ್ತೇವೆ, ಅಷ್ಟೇ.