ಬೋರಲು ಸಲಿಕೆ

ಮತ್ತೆ ಜಾರಿತು ಮಣ್ಣು, ಬೋರಲು ಹಿಡಿದ ಸಲಿಕೆಯ ಬೆನ್ನ ಮೇಲೆ ಒಂದು ಹಿಡಿಯೂ ನಿಲ್ಲುವುದಿಲ್ಲ, ಅರ್ಧ ಗುಂಡಿಗೆ, ಅರ್ಧ ಸಲಿಕೆ ಹಿಡಿದ ಹಲ್ಲಿನ ಡಾಕ್ಟರ್ ಜಲ್ಮನ್‌ನ ಮಿರಿಮಿರಿ ಬೂಟಿಗೆ, ಅವನು ಬೆಕ್ಕಿನ ಹಾಗೆ ಕಾಲು ಕೊಡವುತ್ತಾನೆ, ಥೂ, ಡ್ವೋರಾಳಿಗೆ ಹಲ್ಲು ಕಡಿಯುವಷ್ಟು ಸಿಟ್ಟು, ಶುಕ್ರವಾರದ ಸಂಜೆ, ಮೆಲ್ಬರ್ನಿನ ಚಳಿಗಾಲದ ಸೂರ್ಯನಿಗೆ ಮೊದಲೇ ಗಡಿಬಿಡಿ, ಅವನು ಮುಳುಗಿದರೆ ಶಬ್ಬತ್, ಯೆಹೂದಿಗಳು ದುಡಿಯದ ವಾರದ ಪವಿತ್ರ ದಿನ, ಆಮೇಲೆ ಯಾರೂ ಸಲಿಕೆ ಮುಟ್ಟುವಂತಿಲ್ಲ, ಕೆಳಗೆ ಬರಿ ಮರದ ಪೆಟ್ಟಿಗೆಯಲ್ಲಿ ಮೋರಾ ಫ್ರುಮಾ, ಹೀಬ್ರೂ ಶಾಲೆಯ ಮೇಡಂ, ಇಡೀ ಬೀದಿಯ ಮಕ್ಕಳಿಗೆ ಅಕ್ಷರ ತಿದ್ದಿಸಿದವರು, ಹೆತ್ತ ಮಕ್ಕಳು ಮಾತ್ರ ಇಲ್ಲ — ಅವರಿಗೆ ಮಣ್ಣು ಕೊಡಲು ಬಂದ ಶಿಷ್ಯಕೋಟಿಯನ್ನು ನೋಡು, ಹೊಟ್ಟೆ ಬೆಳೆಸಿಕೊಂಡು, ಎರಡು ಸಲ ಮಣ್ಣು ಸವರಿ ಸೊಂಟ ಹಿಡಿದು ನಿಂತಿವೆ. ಶವಸಂಸ್ಕಾರ ಮಾಡಿಸುವ ಎಳೆಯ ರಬ್ಬಿ ಆಕಾಶ ನೋಡುತ್ತಾನೆ, ಆಮೇಲೆ ಮರದಡಿ ನಿಂತ ಮಣ್ಣು ತಳ್ಳುವ ಹಳದಿ ಯಂತ್ರ ನೋಡುತ್ತಾನೆ, ಡ್ವೋರಾಕ್ಕ, ಬೇಜಾರು ಮಾಡ್ಕೋಬೇಡಿ, ಹೊತ್ತಾಯ್ತು, ಯಂತ್ರದವನೇ ಮುಚ್ಚಲಿ — ಬೇಜಾರಂತೆ, ಯಂತ್ರ ತಂದು ಮುಚ್ಚೋಕೆ ಇದೇನು ಚರಂಡಿನಾ? ಇದೇ ಸ್ಮಶಾನ ಅಲ್ಲವೇ, ಆ ಗೋಡೆಯ ಮೂಲೆ, ಹರಿದ ಪ್ರಾರ್ಥನೆ ಪುಸ್ತಕಗಳನ್ನು ಕಸಕ್ಕೆ ಎಸೆಯಬಾರದು, ದೇವರ ಹೆಸರಿದೆ, ಹೂಳಬೇಕು, ಅಂತ ನಮ್ಮ ಚಿಕ್ಕಂದಿನಲ್ಲಿ ಮೋರಾ ಇಡೀ ತರಗತಿಯನ್ನು ಬಸ್ಸಿಗೆ ತುಂಬಿಕೊಂಡು ಬಂದಿದ್ದರು, ತೊಡೆಯ ಮೇಲೆ ಪುಸ್ತಕದ ಮೂಟೆ, ಚಳಿಗೆ ಹೆದರಿ ಮೈಮೇಲೆ ಒಂದರ ಮೇಲೊಂದು ಸ್ವೆಟರು, ನಮ್ಮ ಬಾಯಿ ಕಟ್ಟಲು ಎಲ್ಲರಿಗೂ ಒಣಗಿದ ಏಪ್ರಿಕಾಟ್, ಆ ಹುಳಿ ಈಗಲೂ ದವಡೆಯಲ್ಲಿ ಚುಳುಕ್ಕೆನ್ನುತ್ತದೆ — ಸಿಟ್ಟು ಬಂದರೆ ಸೀಮೆಸುಣ್ಣ ಎಸೆಯುತ್ತಿದ್ದರು, ಹಣೆಗೆ ತಾಗಿದರೆ ಎತ್ಕೊಂಡು ಬಾರೇ, ಅದು ಶಾಲೆ ಸೊತ್ತು, ಎನ್ನುತ್ತಿದ್ದರು, ಅಮ್ಮ ಹೊಲಿಗೆ ಕಾರ್ಖಾನೆಯಿಂದ ಬರುವವರೆಗೆ ಅವರ ಅಡುಗೆಮನೆಯೇ ಗತಿ, ಬಾರ್ಲಿ ಸಾರು, ಉಣ್ಣೇ ಬೆಂಕಿಚೆಂಡೇ, ಹೊಟ್ಟೆ ತುಂಬಿದ್ರೆ ಬಾಯಿ ಕಮ್ಮಿಯಾಗುತ್ತೆ — ಆಗಲಿಲ್ಲ ಮೋರಾ, ಕಮ್ಮಿಯಾಗಲಿಲ್ಲ. ಅವತ್ತು ಪುಸ್ತಕದ ಗುಂಡಿಯ ಹತ್ತಿರ ಜಲ್ಮನ್‌ಗೆ ಬೈದಿದ್ದರು, ಸಲಿಕೆ ಬೋರಲು ಹಿಡಿಯೋ ಕತ್ತೆ, ಹೂತು ಓಡಿಹೋಗೋ ಅವಸರ ತೋರಿಸ್ಬೇಡ, ಮೊದಲು ಬೆನ್ನಲ್ಲಿ ಹಾಕು, ಜಾರಲಿ, ಆಮೇಲೆ ತಿರುಗಿಸ್ಕೋ, ಕೈಯಿಂದ ಕೈಗೆ ಕೊಡಬೇಡ, ನೆಲಕ್ಕೆ ಚುಚ್ಚು, ದುಃಖಾನ ಇನ್ನೊಬ್ಬರ ಕೈಗೆ ದಾಟಿಸಬಾರದು. ಪುಸ್ತಕಕ್ಕೂ ಇಷ್ಟೆಲ್ಲಾನಾ ಮೋರಾ? ನಿನ್ನ ಬಾಯಿ ಮುಚ್ಚೋಕೆ ಯಾವ ಸಲಿಕೆ ತರಲೇ ಡ್ವೋರಾ? ಎಲ್ಲರೂ ನಕ್ಕರು, ಜಲ್ಮನ್ ಎಲ್ಲರಿಗಿಂತ ಜೋರಾಗಿ, ಆಗ ಅವರು ಮಣ್ಣಿನ ಕೈ ಸ್ವೆಟರಿಗೆ ಒರೆಸಿಕೊಂಡು, ಸತ್ತವರು ತಿರುಗಿ ಉಪಕಾರ ಮಾಡಲ್ಲ ಕಣ್ರೋ, ಅದಕ್ಕೇ ಇದೊಂದೇ ಅಸಲಿ ಉಪಕಾರ, ನಾಳೆ ನನಗೂ ನೀವೇ ಹಾಕಬೇಕು, ಕೂಲಿಯವರಲ್ಲ, ನೀವೇ. ಹೂಂ ಅಂದಿದ್ದೆವಲ್ಲ, ಬಾಯಿ ತುಂಬ ಏಪ್ರಿಕಾಟ್ ಇಟ್ಟುಕೊಂಡು ಒಕ್ಕೊರಲಿನಿಂದ ಹೂಂ ಅಂದಿದ್ದೆವಲ್ಲ — ಈಗ ಸೊಂಟ ನೋವಂತೆ, ಅಡುಗೆ ಆಗಿಲ್ಲವಂತೆ, ದಾರಿಯಲ್ಲಿ ವಾಹನ ದಟ್ಟಣೆಯಂತೆ.

ಏನು ಜಲ್ಮನ್, ಹಲ್ಲು ಕೀಳೋಕೆ ಬರೋ ರಟ್ಟೆಗೆ ಮಣ್ಣು ಎತ್ತೋಕೆ ಬರಲ್ವಾ? ಅಷ್ಟು ಉರಿ ಇದ್ರೆ ನೀನೇ ಹಾಕೇ ತಾಯಿ, ತಗೋ, ಸಲಿಕೆ ಚಾಚುತ್ತಾನೆ, ರಬ್ಬಿ ಕೆಮ್ಮುತ್ತಾನೆ, ಇಲ್ಲಿ ಹೆಂಗಸರು ಹಿಡಿಯುವ ರೂಢಿಯಿಲ್ಲ, ಕೆಮ್ಮಲಿ, ಕೆಮ್ಮಿ ಕೆಮ್ಮಿ ಗಂಟಲು ಹರಿದುಕೊಳ್ಳಲಿ — ಕೈಗೆ ಕೊಡ್ತೀಯೇನೋ ದಡ್ಡ, ನೆಲಕ್ಕೆ ಚುಚ್ಚು! ಅವನ ಕಿವಿ ಕೆಂಪಾಗುತ್ತದೆ, ಬೋಳುತಲೆಯ ಕೆಳಗೆ ಥಟ್ಟನೆ ಹಳೆಯ ಜಲ್ಮನ್, ಮರೆತೇಬಿಟ್ಟಿದ್ದೆ ಕಣೆ, ಚುಚ್ಚುತ್ತಾನೆ, ಡ್ವೋರಾ ಕೀಳುತ್ತಾಳೆ, ಹಿಡಿ ಇನ್ನೂ ಬೆಚ್ಚಗಿದೆ, ಬೋರಲು ಮಾಡಿ ರಾಶಿಗೆ ನುಗ್ಗಿಸುತ್ತಾಳೆ, ಎತ್ತುತ್ತಾಳೆ, ಜಾರುತ್ತದೆ, ಹಲಗೆಯ ಮೇಲೆ ದಬ್ ಎಂದು ಒಂದೇ ಹೆಂಟೆ, ಉಳಿದದ್ದು ಸರಸರ, ಮತ್ತೆ ಎತ್ತುತ್ತಾಳೆ, ಪೆಟ್ಟಿಗೆಯ ಒಂದು ಮೂಲೆ ಇನ್ನೂ ಬೆಳ್ಳಗೆ ಕಾಣುತ್ತಿದೆ, ಆ ಮೂಲೆಯಲ್ಲಿ ತಲೆಯೋ ಕಾಲೋ, ಚಳಿ ತಡೆಯದ ಜೀವ, ಸ್ವೆಟರಿಲ್ಲದೆ ಬರಿ ಬಿಳಿ ಬಟ್ಟೆಯಲ್ಲಿ — ಸಾಕು ಡ್ವೋರಾಕ್ಕ, ಇನ್ನು ಸಲಿಕೆ ತಿರುಗಿಸಿ, ಎಲ್ಲರೂ ಸೇರಿದ್ರೆ ಮುಗಿದುಹೋಗುತ್ತೆ, ಹೌದು, ತಿರುಗಿಸಬೇಕು, ತುಂಬಾ ಮಣ್ಣು ಎತ್ತಬೇಕು, ಬೇಗ ಬೇಗ ಅಂತ ಇಷ್ಟು ಹೊತ್ತು ಅರಚಿದವಳು ತಾನೇ, ಜಲ್ಮನ್ ಕೋಟು ಬಿಚ್ಚಿ ಇನ್ನೊಂದು ಸಲಿಕೆ ಎತ್ತಿಕೊಂಡ, ಇನ್ಯಾರೋ ತೋಳು ಮಡಚುತ್ತಿದ್ದಾರೆ, ಅವಳೊಬ್ಬಳು ತಿರುಗಿಸಿದರೆ ಆಯಿತು, ತಿರುಗಿಸಿದರೆ ಮುಗಿಯುತ್ತದೆ, ಆ ಬಿಳಿ ಮೂಲೆ ಮುಚ್ಚುತ್ತದೆ, ತಿರುಗು, ದರಿದ್ರ ಕೈಯೇ, ತಿರುಗು — ಬೋರಲು ಸಲಿಕೆ, ಅದರ ಬೆನ್ನು, ಜಾರುವ ಮಣ್ಣು, ಸಲಿಕೆಯ ಬೆನ್ನು, ಜಾರುವ ಮಣ್ಣು