ಬೋಗುಣಿಯಲ್ಲಿ ಎಷ್ಟು ಮೀನು?

"ಏನೇ ಮುದುಕಿ, ಕಣ್ಣು ಮನೇಲಿಟ್ಟು ಬಂದಿದೀಯಾ? ಬೆನ್ನಿಗೆ ಚುಚ್ಚೇ ಅಂದ್ರೆ ಹೊಟ್ಟೆಗೆ ಚುಚ್ಚಿದೀಯಲ್ಲೇ!"

ಸಾವ್ಕಾರ ಸತ್ತ ಮೀನನ್ನು ದೊಡ್ಡಮ್ಮನ ಮುಖಕ್ಕೆ ಎಸೆದ. ಅದು ಕೆನ್ನೆಗೆ ಅಂಟಿಕೊಂಡಿತು. ಅವಳು ಒರೆಸಿಕೊಳ್ಳಲಿಲ್ಲ.

ನಮ್ಮದು ಬಣ್ಣ ಚುಚ್ಚುವ ಕೆಲಸ. ಹಿನ್ನೀರಿನಲ್ಲಿ ಹಿಡಿದು ತಂದ ಗಾಜಿನ ಮೀನು, ಬೆರಳುದ್ದವೂ ಇಲ್ಲ. ಮೈಯೊಳಗಿನ ಮುಳ್ಳು ಎಣಿಸಬಹುದು. ಹಾಗೇ ಇದ್ದರೆ ಯಾರಿಗೂ ಬೇಡ. ಒದ್ದೆ ಬಟ್ಟೆಯಲ್ಲಿ ಹಿಡಿದು, ಸೂಜಿ ಚುಚ್ಚಿ, ಕೆಂಪೋ ಹಸಿರೋ ಇಳಿಸಿದರೆ ದೊಡ್ಡವರ ಮನೆಯ ಗಾಜಿನ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿ ಎಷ್ಟು ದಿನ ಬದುಕುತ್ತದೋ ನಾವು ಕೇಳಿಲ್ಲ. ಹನ್ನೊಂದು ವರ್ಷ ಬಿಳಿ ಲೈಟಿನ ಕೆಳಗೆ ಕೂತು ದೊಡ್ಡಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಹೆಬ್ಬೆರಳಲ್ಲಿ ಸವರಿ, ಬೆನ್ನಿನ ಈಜುರೆಕ್ಕೆ ಸಿಕ್ಕಿದ ಮೇಲೆ ಚುಚ್ಚುತ್ತಿದ್ದಳು. ನಮ್ಮ ಮೇಜಿನವರಿಗೆಲ್ಲ ಗೊತ್ತಿತ್ತು. ಸಾವ್ಕಾರನಿಗೆ ಇವತ್ತು ಗೊತ್ತಾಯಿತು.

ಗಾಜಿನ ಬೋಗುಣಿಗೆ ನೀರು ತುಂಬಿ ಅವಳ ಮುಂದೆ ಕುಕ್ಕಿದ. ಅದರಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

"ಎಷ್ಟು ಮೀನಿದೆ ಹೇಳು. ಕೈ ಹಾಕೋ ಹಾಗಿಲ್ಲ. ತಪ್ಪಿದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ದೊಡ್ಡಮ್ಮ ಮೂಗು ನೀರಿಗೆ ತಾಗುವಷ್ಟು ಬಗ್ಗಿದಳು.

"ಮೂರು, ಸಾವ್ಕಾರ್ರೆ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಕೇಳಿದ್ರೇನ್ರೋ! ಮೂರಂತೆ!" ಎದುರು ಕೂತಿದ್ದ ಬಸುರಿಯ ಕಡೆ ತಿರುಗಿದ. "ನೀನು ಹೇಳೇ, ಎಷ್ಟು?"

ಅವಳು ಬೋಗುಣಿ ನೋಡಿದಳು. ದೊಡ್ಡಮ್ಮನನ್ನು ನೋಡಿದಳು.

"ಮೂರೇ, ಸಾವ್ಕಾರ್ರೆ."

ನಗು ಅರ್ಧಕ್ಕೆ ನಿಂತಿತು. "ಏನಂದೆ?"

"ಮೂರು. ಲೈಟಿಗೆ ಅಡ್ಡ ನಿಂತಿದೀರಲ್ಲ, ನಿಮಗೆ ಕಾಣ್ತಿಲ್ಲ."

ಪಕ್ಕದ ಕುಂಟಣ್ಣ ಕತ್ತು ಚಾಚಿದ. "ಹೂಂ, ಮೂರು. ತಳದಲ್ಲಿ ಒಂದಿದೆ ನೋಡಿ, ಭಾರಿ ಕಳ್ಳ ಅದು."

"ಎಲ್ಲ ಸೇರ್ಕೊಂಡು ನನ್ನ ಹುಚ್ಚ ಮಾಡ್ತಿದೀರೇನ್ರೋ, ಸೂಳೆಮಕ್ಕಳಾ!" ಸಾವ್ಕಾರ ನನ್ನ ಕೊರಳಪಟ್ಟಿ ಹಿಡಿದ. "ನೀನು ಬೊಗಳೋ. ಸುಳ್ಳು ಹೇಳಿದ್ರೆ ಅವಳ ಜೊತೆ ನಿನ್ನೂ ಒದ್ದು ಓಡಿಸ್ತೀನಿ."

ದೊಡ್ಡಮ್ಮ ತಲೆ ಎತ್ತಿರಲಿಲ್ಲ. ಕಿವಿ ಮಾತ್ರ ನನ್ನ ಕಡೆಗಿತ್ತು. ಬೋಗುಣಿಯಲ್ಲಿ ಏನಿದೆ ಅಂತ ಅವಳಿಗೂ ಗೊತ್ತಾಗಬೇಕಿತ್ತು.

"ಮೂರಿತ್ತು," ಅಂದೆ. "ನೀವು ಕುಕ್ಕಿದ ರಭಸಕ್ಕೆ ಒಂದು ಸತ್ತೋಯ್ತು."

ಕೊರಳಪಟ್ಟಿ ಸಡಿಲವಾಯಿತು. ಸಾವ್ಕಾರ ಒಮ್ಮೆ ನಮ್ಮ ಮುಖ ನೋಡಿದ, ಒಮ್ಮೆ ನೀರು ನೋಡಿದ. ಆಮೇಲೆ ಅಂಗಿಯ ತೋಳು ಮೇಲೆ ಸರಿಸಿ, ಬೋಗುಣಿಗೆ ಕೈ ಇಳಿಸಿ ತಡಕಾಡತೊಡಗಿದ.

ನಾವು ಎದ್ದು ಅವನ ಸುತ್ತ ನಿಂತೆವು. ಯಾರೂ ಸೂಜಿ ಕೆಳಗಿಟ್ಟಿರಲಿಲ್ಲ.