ಸೈಕಲ್ ಹಾಡಿನೊಳಗಿನ ಹೆಸರು

ಸಾವಿತ್ರೆವ್ವ ಹಾಲಿನವನನ್ನು ನಂಬುವುದಿಲ್ಲ, ಕರೆಂಟಿನ ಮೀಟರನ್ನು ನಂಬುವುದಿಲ್ಲ, ಸೊಸೆ ಸಾರಿಗೆ ಉಪ್ಪು ಹಾಕಿದ್ದೇನೆಂದು ಹೇಳಿದರೂ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡದೆ ನಂಬುವುದಿಲ್ಲ. ಬೆಟಗೇರಿಯ ಆ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತು. ಎಪ್ಪತ್ಮೂರು ವರ್ಷದ ಈ ಹೆಂಗಸು ಹುಟ್ಟುವಾಗಲೇ ಹೀಗಿದ್ದಳೆಂದು ತಿಳಿಯಬೇಡಿ. ಈ ರೋಗ ಹಚ್ಚಿದವಳು ಒಬ್ಬಳಿದ್ದಳು, ಮಿಸ್ ರಜನಿ ಅಂತ. ಆ ಮಿಸ್ ರಜನಿ ಪುಣೆಯಲ್ಲಿ ತೀರಿಕೊಂಡ ಸುದ್ದಿ ಪೇಪರಿನ ಒಳಪುಟದಲ್ಲಿ ಬಂದ ದಿನ ಸಾವಿತ್ರೆವ್ವ ಕನ್ನಡಕ ಒರೆಸಿಕೊಂಡು ಅದನ್ನು ಎರಡು ಸಲ ಓದಿದಳು. ಮೂರನೆಯ ಸಲ ಓದಿದ್ದು, ಸತ್ತದ್ದು ಖರೆಯೋ ಸುಳ್ಳೋ ಎಂದು ನೋಡಲಿಕ್ಕೆ.

ಮಿಸ್ ರಜನಿ ಎಂದರೆ ಹೊಂಬಳದ ಹುಚ್ಚವ್ವ. ಅರವತ್ತರ ದಶಕದಲ್ಲಿ ಹುಬ್ಬಳ್ಳಿಯ ಆರ್ಕೆಸ್ಟ್ರಾ ಸೇರಿ, ಹೆಸರು ಬದಲಿಸಿ, ಕೂದಲು ಕತ್ತರಿಸಿಕೊಂಡು, ಗಿಟಾರು ಅಕಾರ್ಡಿಯನ್ನಿನ ಅಬ್ಬರದ ನಡುವೆ ಕುಣಿಯುತ್ತ ಹಾಡಿದವಳು. ೧೯೬೭ರಲ್ಲಿ ಮುಂಬಯಿಗೆ ಹೋಗಿ ಅವಳು ಹಾಡಿದ ಸೈಕಲ್ ಹಾಡಿನ ರೆಕಾರ್ಡು ಗದಗಿನಿಂದ ಮುಂಡರಗಿಯವರೆಗೆ ಒಂದು ಮದುವೆಯನ್ನೂ ಬಿಡಲಿಲ್ಲ. ಹುಡುಗಿಯೊಬ್ಬಳು ಸೈಕಲ್ ಹೊಡೆದುಕೊಂಡು ಪ್ಯಾಟಿಗೆ ಹೊರಡುವ ಹಾಡು ಅದು. ನಡುವೆ ವಾದ್ಯಗಳೆಲ್ಲ ಗಪ್ಪಾಗುತ್ತವೆ. ಹುಡುಗಿಯ ಗೆಳತಿಯರು "ಗಂಡನ ಹೆಸರ ಹೇಳ, ಹೆಸರ ಹೇಳ" ಎಂದು ಕಾಡುತ್ತಾರೆ. ಆಗ ಮಿಸ್ ರಜನಿ ಹಾಡುವುದನ್ನು ಬಿಟ್ಟು ಒಡಪು ಹೇಳುತ್ತಾಳೆ:

"ಹೊಂಬಳದ ದಾರ್ಯಾಗ ಶೇಂಗಾದ ಹೊಲ, ಮುದಕಪ್ಪರಾಯರ ಹೆಸರ ಹೇಳತೇನಿ ಕೇಳ್ರಿ ಒಂದ ಸಲ."

ಮುದಕಪ್ಪ ಎಂದರೆ ಸಾವಿತ್ರೆವ್ವನ ಗಂಡ.

ಈ ಸೀಮೆಯಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಕರೆಯುವುದಿಲ್ಲ. ಮದುವೆ, ಸೀಮಂತ, ತೊಟ್ಟಿಲ ದಿನ ಹೆಂಗಸರೆಲ್ಲ ಸುತ್ತುಗಟ್ಟಿ ಕಾಡಿದಾಗ ಒಡಪು ಕಟ್ಟಿ ಅದರೊಳಗೆ ಹೇಳುತ್ತಾಳೆ. ಒಡಪಿನಲ್ಲಿ ಒಬ್ಬ ಗಂಡಸಿನ ಹೆಸರು ಬಂತೆಂದರೆ ಆ ಹೆಂಗಸು ಅವನವಳು, ಮುಗಿಯಿತು. ಇದಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ. ಊರಲ್ಲಿ ಇನ್ನೂ ನಾಲ್ಕು ಮಂದಿ ಮುದಕಪ್ಪ ಇದ್ದರೆನ್ನಿ. ಆದರೆ ಆರ್ಕೆಸ್ಟ್ರಾದವರಿಗೆ ಮೈಕ್ ಕಟ್ಟಿಕೊಡುತ್ತ, ಅವರ ಜೊತೆ ಊರೂರು ತಿರುಗುತ್ತಿದ್ದ ಮುದಕಪ್ಪ ಒಬ್ಬನೇ.

ಸಾವಿತ್ರೆವ್ವ ಅದನ್ನು ಮೊದಲು ಕೇಳಿದ್ದು ತಾನು ಮದುವೆಯಾದ ಮರುವರ್ಷ, ಡಂಬಳದಲ್ಲಿ ಬಳಗದ ಒಂದು ಮದುವೆಯಲ್ಲಿ. ಪಂಕ್ತಿಯಲ್ಲಿ ಕೂತು ಗೋಧಿ ಹುಗ್ಗಿಗೆ ಕೈ ಹಾಕಿದ್ದಳು. ಬೇವಿನ ಮರಕ್ಕೆ ಕಟ್ಟಿದ್ದ ಮೈಕಿನ ಹಾರ್ನಿನಿಂದ, ತನ್ನ ಗಂಡನೇ ಕಟ್ಟಿದ್ದ ಹಾರ್ನಿನಿಂದ, ಇನ್ನೊಬ್ಬ ಹೆಂಗಸು ಅವನ ಹೆಸರು ಹೇಳಿದಳು. ಬಡಿಸುವವರ ಕೈ ನಿಂತಿತು. ಪಕ್ಕದಲ್ಲಿದ್ದ ಮೈದುನನ ಹೆಂಡತಿ ನೀಲಗಂಗವ್ವ ಸೆರಗು ಬಾಯಿಗೆ ಅಡ್ಡ ಹಿಡಿದು, "ಹಂಗಾರ ನೀವು ಎರಡನೇದಾಕಿ ಆದ್ರೇನ್ರಿ ಅಕ್ಕಾ?" ಎಂದಳು. ಹದಿನೆಂಟು ವರ್ಷದ ಹುಡುಗಿ ಹುಗ್ಗಿಯನ್ನು ಎಲೆಯಲ್ಲೇ ಬಿಟ್ಟು ಎದ್ದು ಕೈ ತೊಳೆದಳು.

ಮನೆಗೆ ಬಂದು ಕೇಳಿದಳು. "ಅಕಿ ಯಾರು ನಿಮಗ?"

"ಹಾಡಿನ್ಯಾಗ ಯಾವುದರ ಒಂದ ಹೆಸರ ಬೇಕಲ್ಲ, ಹೇಳ್ಯಾಳ" ಎಂದ ಮುದಕಪ್ಪ, ವಾಯರು ಸುತ್ತುತ್ತ.

"ಹಂಗಾರ ಆ ರೆಕಾರ್ಡ ಒಡದು ಒಲಿಗೆ ಹಾಕ್ರಿ."

ಅವನು ಒಡೆಯಲಿಲ್ಲ. ಒಡೆಯಲಿಲ್ಲವಲ್ಲ, ಅಲ್ಲಿಗೆ ಎಲ್ಲ ಕೆಟ್ಟಿತು. ಸಾವಿತ್ರೆವ್ವ ತನಗೆ ಗೊತ್ತಿದ್ದ ಒಂದೇ ಶಿಕ್ಷೆ ಕೊಟ್ಟಳು. ಅವತ್ತಿನಿಂದ ಅವನ ಹೆಸರಿಗೆ ಒಡಪು ಹೇಳುವುದನ್ನು ಬಿಟ್ಟಳು. ತನ್ನ ಸೀಮಂತದಲ್ಲಿ ಹೇಳಲಿಲ್ಲ, ಮಗನ ಮದುವೆಯಲ್ಲಿ ಹೇಳಲಿಲ್ಲ. ಮೊಮ್ಮಗಳ ತೊಟ್ಟಿಲ ದಿನ ಹೆಂಗಸರೆಲ್ಲ ಕಾಡಿದಾಗ, ಎಪ್ಪತ್ತು ದಾಟಿದ ಮುದಕಪ್ಪ ಪಡಸಾಲೆಯ ಬಾಗಿಲಿಗೆ ಬಂದು ಕಿವಿ ಕೊಟ್ಟು ನಿಂತಿದ್ದ. ಅವಳು ಅವನನ್ನು ನೋಡಿಯೇ, "ನನಗ ಯಾವುದೂ ಬರೂದಿಲ್ಲ" ಎಂದು ಎದ್ದು ಹೋದಳು. ಐದು ವರ್ಷದ ಹಿಂದೆ ಅವನು ಸತ್ತ. ಆಗಲೂ ಅತ್ತಳು, ಆದರೆ ಅಳುತ್ತಲೇ ಬಾಗಿಲ ಕಡೆ ಒಂದು ಕಣ್ಣಿಟ್ಟಿದ್ದಳು, ಆ ಕೂದಲು ಕತ್ತರಿಸಿಕೊಂಡವಳೇನಾದರೂ ಬರುತ್ತಾಳೋ ಎಂದು.

ಈಗ ಅವಳೂ ಸತ್ತಳು. ಸಾವಿತ್ರೆವ್ವ ಗಂಡನ ಕಬ್ಬಿಣದ ಟ್ರಂಕನ್ನು ಮತ್ತೊಮ್ಮೆ ಬುಡಮೇಲು ಮಾಡಿದಳು. ಹಳೆಯ ಆಂಪ್ಲಿಫೈಯರು, ತುಕ್ಕು ಹಿಡಿದ ಪಿನ್ನುಗಳು, ಮದುವೆ ಕಾರ್ಡುಗಳು. ಒಂದು ಕಾಗದವಿಲ್ಲ, ಒಂದು ಫೋಟೋ ಇಲ್ಲ. ಏನೂ ಸಿಗದೇ ಇದ್ದದ್ದಕ್ಕೆ ಅವಳ ಸಂಶಯ ಇನ್ನೂ ಗಟ್ಟಿಯಾಯಿತು. ತಪ್ಪಿಲ್ಲದ ಗಂಡಸು ಇಷ್ಟು ಚೊಕ್ಕ ಇರುತ್ತಾನೇನು? ಐವತ್ತೊಂದು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಗಂಡ ತನ್ನವನಾಗಿದ್ದನೋ ಇಲ್ಲವೋ, ಇದೊಂದು ಗೊತ್ತಾಗದೆ ಸಾಯಲಾರೆ ಎನಿಸಿತು ಅವಳಿಗೆ.

ಅಷ್ಟರಲ್ಲಿ ಭಾಗ್ಯಾಳ ಫೋನು ಬಂತು. ಮಿಸ್ ರಜನಿಯ ಅಣ್ಣನ ಮೊಮ್ಮಗಳು, ಗದಗಿನಲ್ಲಿ ಶಾಲಾ ಟೀಚರು. ಭಾನುವಾರ ಒಂದು ಸಣ್ಣ ನೆನಪಿನ ಸಭೆ ಇಟ್ಟುಕೊಂಡಿದ್ದೇವೆ, ಬರಬೇಕು ಎಂದಳು. "ನಮ್ಮಜ್ಜಿ ಕಪಾಟಿನ್ಯಾಗ ನಿಮ್ಮ ಯಜಮಾನ್ರ ಹೆಸರಿಗೆ ಒಂದು ಲಕೋಟೆ ಸಿಕ್ಕೈತಿ ಅಜ್ಜಿ. ಅಂಟು ಹಾಕಿದ್ದು. ನಾವು ತಗದಿಲ್ಲ."

ತೆಗೆದಿಲ್ಲವಂತೆ! ಸಾವಿತ್ರೆವ್ವ ಅದನ್ನೂ ನಂಬಲಿಲ್ಲ. ಆದರೆ ಹೋಗುವುದೆಂದು ಗಟ್ಟಿ ಮಾಡಿದಳು. ನೀಲಗಂಗವ್ವನಿಗೂ ತಾನೇ ಹೇಳಿ ಕಳಿಸಿದಳು, "ಐತವಾರ ಬಾ. ನಾಲ್ಕು ಮಂದಿ ಮುಂದ ಖರೆ ಏನಂತ ಗೊತ್ತಾಗಲಿ, ನಿನ್ನ ಬಾಯೂ ಮುಚ್ಚಲಿ" ಎಂದು.

ಜೊತೆಗೆ ಫಕೀರಬಿಯನ್ನು ಹೊರಡಿಸಿದಳು. ಎರಡು ಮನೆ ಆಚೆಯ ಫಕೀರಬಿ ಲಕ್ಷ್ಮೇಶ್ವರದಿಂದ ಮದುವೆಯಾಗಿ ಬಂದು ಐವತ್ಮೂರು ವರ್ಷ. ಅವಳ ಗಂಡ ತಾರಿಕ್ ಟೇಲರು; ಹುಡುಗನಾಗಿದ್ದಾಗ ಅದೇ ಆರ್ಕೆಸ್ಟ್ರಾದಲ್ಲಿ ಅಕಾರ್ಡಿಯನ್ ಬಾರಿಸುತ್ತಿದ್ದನಂತೆ, ಮದುವೆಯಾದ ಮೇಲೆ ಅದನ್ನು ಮುಟ್ಟಲಿಲ್ಲ. ಇಬ್ಬರು ಹೆಂಗಸರೂ ಒಬ್ಬರ ಬಾಣಂತನ ಒಬ್ಬರು ನೋಡಿದವರು. ಸಾವಿತ್ರೆವ್ವ ತನ್ನ ಸಂಶಯವನ್ನೆಲ್ಲ ತೋಡಿಕೊಂಡ ಒಂದೇ ಜೀವ ಅದು.

"ನಿಮ್ಮವರೂ ಬರಬಹುದಿತ್ತಲ್ಲ, ಅವರೂ ಬಾರಿಸಿದವರು" ಎಂದಳು ಆಟೋದಲ್ಲಿ.

"ಒಲ್ಲೆ ಅಂದ್ರ ಯವ್ವಾ. ಆ ಖಬರ ಬಂದಾಗಿಂದ ಹಲ್ಲು ನೋವು ಅಂತ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾರ" ಎಂದಳು ಫಕೀರಬಿ.

ಸಭೆಗೆ ಮೂವತ್ತು ಮಂದಿ ಸೇರಿದ್ದರು. ಮೇಜಿನ ಮೇಲೆ ಫೋಟೋ, ಅದಕ್ಕೆ ಸೇವಂತಿಗೆ ಹಾರ. ಸಾವಿತ್ರೆವ್ವ ಹಿಂದಿನ ಸಾಲಿನಲ್ಲಿ ಕೂತು ಯಾರು ಅಳುತ್ತಾರೆಂದು ಒಬ್ಬೊಬ್ಬರ ಮುಖವನ್ನೂ ಕಾಯ್ದಳು. ಒಬ್ಬ ಮುದುಕ ಕರ್ಚೀಪು ತೆಗೆದ, ಸೀನಿ ಮಡಚಿಟ್ಟ. ಭಾಗ್ಯಾ ಬಂದು ಕಾಲಿಗೆ ನಮಸ್ಕರಿಸಿ ಲಕೋಟೆಯನ್ನು ಕೈಗಿಟ್ಟಳು. ಮೇಲೆ ನಡುಗುವ ಅಕ್ಷರದಲ್ಲಿ, 'ಬೆಟಗೇರಿ ಮುದಕಪ್ಪನವರಿಗೆ, ಇಲ್ಲವೇ ಅವರ ಮನೆಯವರಿಗೆ' ಎಂದಿತ್ತು. ಸಾವಿತ್ರೆವ್ವ ಅಂಟನ್ನು ಉಗುರಿನಿಂದ ಕೆರೆದು ನೋಡಿದಳು. ಖರೆ, ಯಾರೂ ತೆಗೆದಿರಲಿಲ್ಲ.

ಆಗ ಹಾಡು ಹಚ್ಚಿದರು. ಸೈಕಲ್ಲಿನ ಗಂಟೆ, ಗಿಟಾರು, ಓಡುವ ಅಕಾರ್ಡಿಯನ್, ಅದರ ಬೆನ್ನಿಗೆ ಆ ದನಿ. ಇಷ್ಟು ವರ್ಷದ ಸಿಟ್ಟಿನಲ್ಲೂ ಆ ದನಿ ಚೆಂದವಿತ್ತೆಂದು ಸಾವಿತ್ರೆವ್ವ ಒಪ್ಪಿಕೊಳ್ಳಲೇಬೇಕಾಯಿತು. ಒಡಪು ಬಂತು. ಮಂದಿ ನಕ್ಕರು. ಗೊತ್ತಿದ್ದವರು ತಿರುಗಿ ಅವಳನ್ನೇ ನೋಡಿದರು, ಎಲ್ಲರಿಗಿಂತ ಮೊದಲು ನೀಲಗಂಗವ್ವ. ಸಾವಿತ್ರೆವ್ವ ಎದ್ದು ಹೊರಗಿನ ಕಟ್ಟೆಗೆ ಬಂದು ಕೂತು ಲಕೋಟೆ ಹರಿದಳು.

ಒಳಗಿದ್ದದ್ದು ಒಂದು ಹಳೆಯ ಇನ್‌ಲ್ಯಾಂಡ್ ಕಾಗದ. ೧೯೭೧ನೇ ಇಸವಿ. ಅಕ್ಷರ ಗಂಡನದೇ. ಅವನು ರಜನಿಗೆ ಬರೆದದ್ದನ್ನು ಅವಳು ಇಷ್ಟು ವರ್ಷ ಇಟ್ಟುಕೊಂಡು, ಕೊನೆಗೆ ತಿರುಗಿ ಕಳಿಸಲೆಂದು ಲಕೋಟೆಗೆ ಹಾಕಿದ್ದಳು. ಸಿಕ್ಕಿಬಿದ್ದಿರಲ್ಲ ಎಂದುಕೊಂಡಳು ಸಾವಿತ್ರೆವ್ವ. ಕನ್ನಡಕ ಸರಿಮಾಡಿಕೊಂಡು ಓದಿದಳು.

'ತಂಗಿ ಹುಚ್ಚವ್ವಗ ಮುದಕಪ್ಪನ ನಮಸ್ಕಾರ. ಹೋದ ವಾರ ಲಕ್ಷ್ಮೇಶ್ವರದಾಗ ತಾರಿಕನ ಮದುವಿ ಆತು. ಸ್ವಾದರಮಾವನ ಮಗಳು, ಫಕೀರಬಿ ಅಂತ. ನಿಮ್ಮಿಬ್ಬರ ಸುದ್ದಿ ಹೊರಗ ಬಿದ್ದಿದ್ದರ ಎರಡೂ ಮನ್ಯಾಗ ದೊಡ್ಡ ರಾದ್ಧಾಂತ ಆಗತಿತ್ತು, ಹೆದರಿ ಒಪ್ಪಿಕೊಂಡ. ನಿನ್ನ ಬಿಟ್ಟು ಅವನೂ ಸುಖದಾಗ ಇಲ್ಲ. ಆ ಹುಡುಗಿ ಪಾಪದಾಕಿ, ಅಕಿಗೆ ಏನೂ ಗೊತ್ತಿಲ್ಲ. ನಾಳೆ ಅಕಿನ್ನ ಬೆಟಗೇರಿಗೆ ಕರಕೊಂಡು ಬರತಾನ, ನಮ್ಮಿಂದ ಎರಡು ಮನಿ ಆಚೆ. ಮುಂಬೈದಾಗ ನೀ ಒಡಪಿನ್ಯಾಗ ಅವನ ಹೆಸರ ಹೇಳಾಕ ಆಗದ ಅಳಕೋತ ಕುಂತಾಗ ನನ್ನ ಹೆಸರ ಹೇಳು ಅಂದಾವ ನಾನ. ಆಗ ನನಗ ಹೆಂಡತಿ ಇರಲಿಲ್ಲ. ಈಗ ಅದಾಳ, ಅಕಿಗೆ ಸಂಶೇ ಬಂದೈತಿ. ಬರಲಿ. ಖರೆ ಹೇಳಿದರ ಆ ಫಕೀರಬಿ ಸಂಸಾರ ಹಾಳಾಗತೈತಿ. ನಮ್ಮಾಕಿ ಬೈತಾಳ, ಮಾರಿ ತಿರುವತಾಳ, ಆದರ ಬಿಟ್ಟು ಹೋಗೂದಿಲ್ಲ, ಗಟ್ಟಿ ಹೆಣಮಗಳು. ನನ್ನ ಹೆಸರಿಗೆ ಒಡಪು ಹೇಳೂದ ಬಿಟ್ಟಾಳ, ಅದೊಂದು ಕೆಟ್ಟ ಅನಸತೈತಿ. ಯಾವತ್ತರ ಒಂದಿನ ಹೇಳತಾಳ.'

ಸಾವಿತ್ರೆವ್ವನಿಗೆ ಮೊದಲು ಬಂದದ್ದು ಸಿಟ್ಟು. ಲೇ ಮುದುಕಾ, ನನಗರೆ ಹೇಳಬಾರದಿತ್ತೇನು? ನನ್ನ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುತ್ತಿರಲಿಲ್ಲವೇನು? ನಿಲ್ಲುತ್ತಿರಲಿಲ್ಲ ಎಂಬುದು ಅವಳಿಗೇ ಗೊತ್ತಿತ್ತು. ಹೇಳಿದ್ದರೆ ಮರುದಿನವೇ ನೀಲಗಂಗವ್ವನ ಬಾಯಿ ಮುಚ್ಚಿಸಲು ಬೀದಿಗೆ ಬಂದು ಕೂಗುತ್ತಿದ್ದಳು. ಅವನು ತನ್ನವನೇ ಆಗಿದ್ದ. ಕೊನೆಯವರೆಗೂ ಬಾಗಿಲಲ್ಲಿ ನಿಂತು ಕಾಯ್ದಿದ್ದ. ತಾನು ಎದ್ದು ಹೋಗಿದ್ದಳು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಏನೈತಿ ಅದರಾಗ, ಸಾವಿತ್ರಕ್ಕಾ?" ಹಿಂದಿನಿಂದ ಫಕೀರಬಿ ಬಂದು ಪಕ್ಕದಲ್ಲಿ ಕೂತಳು. ಕಾಗದ ಸಾವಿತ್ರೆವ್ವನ ತೊಡೆಯ ಮೇಲೆ ಬಿಚ್ಚಿಯೇ ಇತ್ತು. ಫಕೀರಬಿ ಬಗ್ಗಿ ಅದನ್ನು ನೋಡಿದಳು. ಅವಳಿಗೆ ಓದಲಿಕ್ಕೆ ಬರುವುದಿಲ್ಲ. ತನ್ನ ಹೆಸರಿದ್ದ ಸಾಲಿನ ಮೇಲೆ ಅವಳ ಕಣ್ಣು ಹಾಗೇ ಹಾದು ಹೋಯಿತು.

"ನಮ್ಮವರ ಅಕ್ಷರ" ಎಂದಳು ಸಾವಿತ್ರೆವ್ವ.

"ಅಯ್ಯ ನಮ್ಮವ್ವಾ!" ಎಂದಳು ಫಕೀರಬಿ. ಸಂಶಯ ಖರೆಯಾಯಿತೆಂದು ತಿಳಿದು ಅವಳ ಬೆನ್ನು ಸವರಿದಳು.

ಒಳಗಿನಿಂದ ಮೈಕಿನಲ್ಲಿ ಭಾಗ್ಯಾ ಸಾವಿತ್ರೆವ್ವನನ್ನು ಎರಡು ಮಾತು ಆಡಲು ಕರೆದಳು. ಸಾವಿತ್ರೆವ್ವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ತುರುಕಿಕೊಂಡು ಎದ್ದಳು. ಫಕೀರಬಿ ಅವಳ ರಟ್ಟೆ ಹಿಡಿದು ಒಳಗೆ ಕರೆತಂದಳು. ಮೈಕು ಕೈಗೆ ಬಂತು. ಸಾವಿತ್ರೆವ್ವನ ನಾಲಿಗೆಯ ತುದಿಯಲ್ಲಿ ಖರೆ ಇತ್ತು, ಐವತ್ತು ವರ್ಷ ಹಸಿದಿದ್ದ ಖರೆ.

"ಹೇಳ್ರಿ ಅಕ್ಕಾ, ಕಾಗದದಾಗ ಏನಿತ್ತು? ನಮ್ಮ ಭಾವನವರು ಆಕಿಗೆ ಏನಾಗಬೇಕಿತ್ತು?" ಕೂತಲ್ಲಿಂದಲೇ ಕೇಳಿದಳು ನೀಲಗಂಗವ್ವ.

ಸಾವಿತ್ರೆವ್ವ ನೀಲಗಂಗವ್ವನನ್ನು ನೋಡಿದಳು. ಆಮೇಲೆ ಮುಂದಿನ ಸಾಲಿನಲ್ಲಿ ತನಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದ ಫಕೀರಬಿಯನ್ನು ನೋಡಿದಳು. ಈ ಮುದುಕಿ ಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ ಗಂಡನಿಗೆ ರಾತ್ರಿ ಗಂಜಿ ಕುಡಿಸಬೇಕು. ಸಂಶಯ ಹೊಕ್ಕ ಮನೆಯಲ್ಲಿ ಗಂಜಿ ಹೇಗೆ ಇಳಿಯುತ್ತದೆಂದು ಸಾವಿತ್ರೆವ್ವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ನೀ ಅಂದದ್ದ ಖರೆ ಆತು, ನೀಲಗಂಗವ್ವ" ಎಂದಳು ಮೈಕಿನಲ್ಲಿ. "ಹಾಡಿನ್ಯಾಗ ಇದ್ದದ್ದು ನನ್ನ ಗಂಡನ ಹೆಸರ. ಆಕಿ ಚಲೋ ಹಾಡತಿದ್ದಳು. ಹೇಳಿದಳು, ಹೇಳಲಿ. ಇನ್ನ ಯಾರೂ ಇದರ ಸುದ್ದಿ ತಗೀಬ್ಯಾಡ್ರಿ."

ನೀಲಗಂಗವ್ವ ಪಕ್ಕದವಳ ಕಡೆ ತಿರುಗಿ ಹುಬ್ಬೇರಿಸಿದಳು. ಸಾವಿತ್ರೆವ್ವ ಮೈಕನ್ನು ಭಾಗ್ಯಾಳ ಕೈಗೆ ಕೊಟ್ಟು ಬಂದು ಫಕೀರಬಿಯ ಪಕ್ಕದಲ್ಲಿ ಕೂತಳು. ಫಕೀರಬಿ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಳಬ್ಯಾಡ ಯವ್ವಾ" ಎಂದಳು ಕಿವಿಯ ಹತ್ತಿರ. "ಇಷ್ಟು ವರ್ಷ ಇದನ್ನ ಹೆಂಗ ತಡಕೊಂಡಿ ನೀ? ಆ ಅಲ್ಲಾನ ಪುಣ್ಯಾ, ನಮ್ಮವರು ಅಂಥಾವರಲ್ಲ. ನನಗಾಗಿದ್ದರ ನಾ ಸತ್ತ ಹೋಗತಿದ್ದೆ."

"ಹೌದವ್ವಾ" ಎಂದಳು ಸಾವಿತ್ರೆವ್ವ. "ನಿಮ್ಮವರು ಅಂಥಾವರಲ್ಲ."